ಗ್ಲಾಕ್ನರ್ ರಸ್ತೆ ಮುಚ್ಚಿದ ಆರು ತಿಂಗಳು: ಬದಲಿಗೆ ಎಲ್ಲಿಗೆ, ಹೇಗೆ?

ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ಹೈ ಆಲ್ಪೈನ್ ರಸ್ತೆ ಮೇ ತಿಂಗಳ ಆರಂಭದಲ್ಲಿ ತೆರೆದು ನವೆಂಬರ್ ಆರಂಭದಲ್ಲಿ ಮುಚ್ಚುತ್ತದೆ. ಉಳಿದ ಆರು ತಿಂಗಳು ಟೋಲ್ ಗೇಟು ಏಳುವುದೇ ಇಲ್ಲ. ಕ್ರಿಸ್‌ಮಸ್ ರಜೆಗೆಂದು ಬೆಂಗಳೂರಿನಿಂದ ಬರುವವರಿಗೂ, ಮ್ಯೂನಿಕ್‌ನಲ್ಲಿ ಕೆಲಸಕ್ಕಿದ್ದು ಊರಿಂದ ಬಂದ ಅಪ್ಪ ಅಮ್ಮನನ್ನು ಫೆಬ್ರವರಿಯಲ್ಲಿ ಸುತ್ತಾಡಿಸಲು ಹೊರಟವರಿಗೂ ಇದು ಗೊತ್ತಾಗುವಷ್ಟರಲ್ಲಿ ಹೋಟೆಲ್ ಬುಕ್ ಆಗಿರುತ್ತದೆ. ಬುಕಿಂಗ್ ರದ್ದು ಮಾಡಬೇಕಾಗಿಲ್ಲ. ಆ ರಸ್ತೆಯಿಂದ ನಿಮಗೆ ಬೇಕಿದ್ದದ್ದು ಏನು ಎಂದು ಮಾತ್ರ ಮೊದಲು ತೀರ್ಮಾನಿಸಿಕೊಳ್ಳಿ. ಗ್ಲಾಕ್ನರ್ ಶಿಖರ ಕಣ್ತುಂಬ ನೋಡುವುದೇ? ಬೆಟ್ಟಸಾಲು ದಾಟಿ ಆಚೆ ಇಳಿಯುವುದೇ? ತಿರುವುಗಳಲ್ಲಿ ಕಾರು ಓಡಿಸುವ ಸುಖವೇ? ಬೇಸಿಗೆಯಲ್ಲಿ ಮೂರೂ ಒಂದೇ ಟಿಕೆಟ್ಟಿಗೆ ಸಿಗುತ್ತವೆ. ಚಳಿಗಾಲದಲ್ಲಿ ಒಂದೊಂದಕ್ಕೆ ಒಂದೊಂದು ಊರು ಹುಡುಕಬೇಕು.

ಮುಚ್ಚಿದ ರಸ್ತೆಗೇ ಹೋದರೆ ಏನು ಸಿಗುತ್ತದೆ

ಉತ್ತರದ ಬ್ರುಕ್‌ನಿಂದ ದಕ್ಷಿಣದ ಹೈಲಿಗೆನ್‌ಬ್ಲೂಟ್‌ವರೆಗೆ 48 ಕಿ.ಮೀ., 36 ಹೇರ್‌ಪಿನ್ ತಿರುವು. ಎಂಜಿನಿಯರ್ ಫ್ರಾನ್ಸ್ ವಾಲಕ್ ರೂಪಿಸಿದ ಈ ದಾರಿ 1935ರ ಆಗಸ್ಟ್ 3ರಂದು ಸಂಚಾರಕ್ಕೆ ತೆರೆಯಿತು. ನೆತ್ತಿಯಲ್ಲಿರುವ ಹೋಖ್‌ಟೋರ್ ಸುರಂಗ 2,504 ಮೀಟರ್ ಎತ್ತರದಲ್ಲಿದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟ್ ಬಂದ್ ಆಗುವುದನ್ನು ನೋಡಿದವರು ಇದನ್ನೂ ಹಾಗೇ ಅಂದುಕೊಳ್ಳುವುದುಂಟು: ಇವತ್ತು ಬಂದ್, ನಾಡಿದ್ದು ತೆರೆದೀತು ಎಂದು. ಹಾಗಲ್ಲ. ಇದು ಪ್ರತಿ ವರ್ಷದ ಮುಚ್ಚುಗಡೆ. ಡಿಸೆಂಬರ್‌ನಲ್ಲಿ ಒಂದು ವಾರ ಒಳ್ಳೆಯ ಬಿಸಿಲು ಬಿದ್ದಿತೆಂದು ಯಾರೂ ಗೇಟು ತೆಗೆಯುವುದಿಲ್ಲ.

ಕಾರಣ ಹಿಮದ ಪ್ರಮಾಣವೊಂದೇ ಅಲ್ಲ, ಅದು ಕೂರುವ ರೀತಿಯೂ ಹೌದು. ಘಾಟಿ ರಸ್ತೆಯೆಂದರೆ ಇಳಿಜಾರಿನಲ್ಲಿ ಕೊರೆದ ಮೆಟ್ಟಿಲು. ಜನವರಿಯ ಹೊತ್ತಿಗೆ ಗಾಳಿ ಹೊತ್ತು ತಂದ ಹಿಮ ಆ ಮೆಟ್ಟಿಲನ್ನು ಪೂರ್ತಿ ತುಂಬಿಬಿಡುತ್ತದೆ. ರಸ್ತೆಯ ಸಮತಟ್ಟು ಮಾಯವಾಗಿ ಬೆಟ್ಟದ ಮೂಲ ಇಳಿಜಾರು ಮರಳಿ ಬರುತ್ತದೆ. ಮೊಬೈಲಿನ ನಕ್ಷೆಯಲ್ಲಿ ಹಳದಿ ಗೆರೆ ಕಾಣುತ್ತಲೇ ಇರುತ್ತದೆ, ಕಾಲ ಕೆಳಗೆ ಮಾತ್ರ ರಸ್ತೆ ಇರುವುದಿಲ್ಲ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ಅಂಥ ಇಳಿಜಾರು ಈ ದಾರಿಯ ಮೇಲೂ ಇದೆ, ಕೆಳಗೂ ಇದೆ. ‘ರಸ್ತೆ ತಾನೇ, ನಡೆದುಕೊಂಡು ಹೋಗಿ ಬರೋಣ’ ಎನ್ನುವ ಲೆಕ್ಕ ತಪ್ಪುವುದು ಇಲ್ಲೇ. ಹಿಮಕುಸಿತದ ತರಬೇತಿ, ಬೀಕನ್ (ಹಿಮದಡಿ ಸಿಕ್ಕವರನ್ನು ಪತ್ತೆಹಚ್ಚುವ ಸಂಕೇತ ಸಾಧನ), ಸಲಿಕೆ, ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಕೋಲು), ಜೊತೆಗೆ ಬಲ್ಲ ಗೈಡ್ ಇಲ್ಲದವರಿಗೆ ಗೇಟಿನಾಚೆ ಕೆಲಸವಿಲ್ಲ.

ಗೇಟಿನ ಈಚೆ? ಉತ್ತರದಲ್ಲಿ ಫುಶ್ ಹಳ್ಳಿಯವರೆಗೆ ಆರಾಮಾಗಿ ಹೋಗಬಹುದು. ಅಲ್ಲಿಂದ ಫೆರ್ಲೈಟನ್ ಟೋಲ್ ಗೇಟಿನ ಕಡೆಗಿನ ಕಣಿವೆ ಕಿರಿದು, ಹಿಮಕುಸಿತದ ಭಯವಿದ್ದಾಗ ಅದನ್ನೂ ತಡೆಯುತ್ತಾರೆ. ಹೋದರೂ ಕಾಣುವುದು ಮುಚ್ಚಿದ ಬೂತ್ ಮತ್ತು ಹಿಮದಲ್ಲಿ ರಸ್ತೆಯ ಅಂಚು ತೋರಿಸಲು ಸಾಲಾಗಿ ನೆಟ್ಟ ಕೋಲುಗಳು. ಗ್ಲಾಕ್ನರ್ ಅಲ್ಲಿಂದ ಕಾಣುವುದಿಲ್ಲ. ಉತ್ತರ ತುದಿಗೆ ಹೋಗಿ ಅರ್ಧ ದಿನ ಕಳೆಯಬೇಡಿ. ದಕ್ಷಿಣ ತುದಿಯ ಕಥೆ ಬೇರೆ. ಅಲ್ಲಿ ಹೈಲಿಗೆನ್‌ಬ್ಲೂಟ್ ಇದೆ.

ಶಿಖರ ನೋಡಬೇಕಾದರೆ: ನಾಲ್ಕು ದಿಕ್ಕು, ನಾಲ್ಕು ಹೊತ್ತು

3,798 ಮೀಟರಿನ ಗ್ಲಾಕ್ನರ್ ಆಸ್ಟ್ರಿಯಾದ ಅತಿ ಎತ್ತರದ ಶಿಖರ. ಚಳಿಗಾಲದಲ್ಲಿ ಅದನ್ನು ನೋಡಲು ನಾಲ್ಕು ಒಳ್ಳೆಯ ಜಾಗಗಳಿವೆ. ಇವುಗಳಲ್ಲಿ ಆಯ್ಕೆ ಮಾಡುವಾಗ ಜನ ಎತ್ತರ ನೋಡುತ್ತಾರೆ, ಟಿಕೆಟ್ ದರ ನೋಡುತ್ತಾರೆ, ದಿಕ್ಕು ನೋಡುವುದಿಲ್ಲ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿ ತಗ್ಗಿನಲ್ಲೇ ಸಾಗುತ್ತಾನೆ. ನೀವು ಶಿಖರದ ಯಾವ ಮಗ್ಗುಲಲ್ಲಿ ನಿಂತಿದ್ದೀರಿ ಎಂಬುದರ ಮೇಲೆ ಅದು ಬೆಳ್ಳಿಯಂತೆ ಹೊಳೆಯುತ್ತದೋ ಕಪ್ಪು ನೆರಳಾಗಿ ನಿಲ್ಲುತ್ತದೋ ನಿರ್ಧಾರವಾಗುತ್ತದೆ.

ಕಾಪ್ರುನ್ ಊರಿನ ಕಿಟ್ಸ್‌ಸ್ಟೈನ್‌ಹಾರ್ನ್ ಬೆಟ್ಟ ಗ್ಲಾಕ್ನರ್‌ನ ನೇರ ಉತ್ತರಕ್ಕೆ, ಹದಿಮೂರು ಕಿ.ಮೀ. ಆಸುಪಾಸಿನಲ್ಲಿದೆ. ಕೇಬಲ್ ಕಾರ್ 3,029 ಮೀಟರ್‌ವರೆಗೆ ಒಯ್ಯುತ್ತದೆ. ಸ್ಕೀ ಬಾರದ ಕುಟುಂಬಕ್ಕೆ ಇದಕ್ಕಿಂತ ಸುಲಭದ ಜಾಗವಿಲ್ಲ. ಮೇಲಿನ ನಿಲ್ದಾಣದಿಂದ ಬೆಟ್ಟದೊಳಗೆ ಕೊರೆದ 360 ಮೀಟರ್ ಸುರಂಗ ಹಿಡಿದು ಆ ಬದಿಗೆ ನಡೆದರೆ ಗ್ಲಾಕ್ನರ್ ಎದುರಿಗಿರುತ್ತದೆ. ಸುರಂಗದ ಒಳಗೆ ಗಾಳಿಯಿಲ್ಲ, ಜಾಕೆಟ್ಟಿನ ಜಿಪ್ ತೆಗೆದುಕೊಂಡೇ ನಡೆಯುತ್ತೀರಿ. ಕೊನೆಯ ಬಾಗಿಲು ತಳ್ಳಿದ ಕೂಡಲೇ ಗಾಳಿ ಮುಖಕ್ಕೆ ಹೊಡೆಯುತ್ತದೆ, ಫೋಟೋಗೆಂದು ಕೈಗವಸು ಬಿಚ್ಚಿದ ಬೆರಳು ಒಂದೆರಡು ನಿಮಿಷದಲ್ಲಿ ಮರಗಟ್ಟುತ್ತದೆ. ಟೊಪ್ಪಿ, ಗವಸು, ಜಿಪ್ ಎಲ್ಲವನ್ನೂ ಬಾಗಿಲಿನ ಈಚೆಯೇ ಸರಿಮಾಡಿಕೊಳ್ಳಿ. ಮೊಬೈಲ್ ಒಳಜೇಬಿನಲ್ಲಿರಲಿ; ಚಳಿಗೆ ಬ್ಯಾಟರಿ 40 ಶೇಕಡಾ ತೋರಿಸುತ್ತಿರುವಾಗಲೇ ಆಫ್ ಆಗಿಬಿಡಬಹುದು.

ಇಲ್ಲಿಂದ ನೋಡುವುದು ದಕ್ಷಿಣಕ್ಕೆ, ಅಂದರೆ ಸೂರ್ಯನ ಕಡೆಗೇ. ನಡುಹಗಲಲ್ಲಿ ಶಿಖರ ಬರೀ ನೆರಳು. ಮೊದಲ ಕೇಬಲ್ ಕಾರಿಗೇ ಹತ್ತಿ. ಇನ್ನೊಂದು ಮಾತು: ಒಂದು ಗಂಟೆಯೊಳಗೆ ಎರಡು ಸಾವಿರ ಮೀಟರ್ ಏರುತ್ತೀರಿ. ಮುಳ್ಳಯ್ಯನಗಿರಿ ಹತ್ತಿರ ಹತ್ತಿರ 1,930 ಮೀಟರ್. ಅದರ ಮೇಲೆ ಮತ್ತೆ ಸಾವಿರಕ್ಕೂ ಹೆಚ್ಚು ಮೀಟರ್ ಎತ್ತರದಲ್ಲಿ ನಿಂತಿರುತ್ತೀರಿ. ತಲೆಭಾರ, ಸಣ್ಣ ಏದುಸಿರು ಸಹಜ. 2,450 ಮೀಟರಿನಲ್ಲಿರುವ ನಡುವಿನ ನಿಲ್ದಾಣ ಆಲ್ಪಿನ್‌ಸೆಂಟರ್‌ನಲ್ಲಿ ಇಳಿದು ಅರ್ಧ ಗಂಟೆ ಕೂತು, ನೀರು ಕುಡಿದು ಮುಂದಕ್ಕೆ ಹೋಗಿ. ಹೃದಯದ ತೊಂದರೆ ಇರುವ ಹಿರಿಯರು ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು. ಕೂಸುಗಳನ್ನು ಅಷ್ಟು ಮೇಲಕ್ಕೆ ಒಯ್ಯದಿರುವುದೇ ಲೇಸು. ಎಲ್ಲಕ್ಕಿಂತ ಮೇಲಿನ ಹಂತದ ಕೇಬಲ್ ಕಾರ್ ಗಾಳಿ ಜೋರಾದರೆ ನಿಲ್ಲುತ್ತದೆ. ಕೆಳಗಿನ ಕೌಂಟರಿನಲ್ಲಿ ಟಿಕೆಟ್ ತೆಗೆಯುವ ಮುಂಚೆ ‘ತುದಿಯವರೆಗೂ ಓಡುತ್ತಿದೆಯೇ’ ಎಂದು ಕೇಳಿ.

ಹೈಲಿಗೆನ್‌ಬ್ಲೂಟ್ ಊರು ಗ್ಲಾಕ್ನರ್‌ನ ಪೂರ್ವ–ಆಗ್ನೇಯಕ್ಕೆ, 1,288 ಮೀಟರ್ ಎತ್ತರದಲ್ಲಿದೆ. ಚೂಪು ಗೋಪುರದ ಗಾಥಿಕ್ ಚರ್ಚು, ಅದರ ಹಿಂದೆ ಗ್ಲಾಕ್ನರ್: ಪೋಸ್ಟ್‌ಕಾರ್ಡುಗಳಲ್ಲಿ ನೋಡಿರುವ ಚಿತ್ರ ಇದೇ. ಅದಕ್ಕೆ ಟಿಕೆಟ್ಟೂ ಬೇಡ, ಎತ್ತರದ ಭಯವೂ ಇಲ್ಲ. ಬೆಳಗಿನ ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಬಂದು ಶಿಖರಕ್ಕೆ ಬೀಳುತ್ತದೆ. ಹತ್ತು ಗಂಟೆಯ ಒಳಗೆ ಚರ್ಚಿನ ಕೆಳಗಿನ ದಾರಿಯಲ್ಲಿ ನಿಂತಿರಬೇಕು, ಮಧ್ಯಾಹ್ನದ ಮೇಲೆ ಬಂದರೆ ಎದುರುಬೆಳಕು. ಲಿಫ್ಟ್ ಓಡುವ ದಿನವಾದರೆ 2,604 ಮೀಟರಿನ ಶಾರೆಕ್‌ವರೆಗೂ ಹೋಗಿಬರಬಹುದು. ಊರು ಚಿಕ್ಕದು, ಸಂಜೆ ಏಳರ ಮೇಲೆ ನಿಶ್ಶಬ್ದ. ರಾತ್ರಿ ಅಲ್ಲೇ ಉಳಿದರೆ ಮಾತ್ರ ಬೆಳಗಿನ ಬೆಳಕು ಸಿಗುತ್ತದೆ. ಕಾಪ್ರುನ್‌ನಿಂದ ಒಂದೇ ದಿನದಲ್ಲಿ ಹೋಗಿಬರುವ ಯೋಜನೆ ಹಾಕಿದರೆ ಐದು ಗಂಟೆ ಕಾರಿನಲ್ಲೇ ಕಳೆಯುತ್ತದೆ.

ಶಿಖರದ ದಕ್ಷಿಣಕ್ಕಿರುವುದು ಕಾಲ್ಸ್. ಊರಿನಿಂದ ಮೇಲಕ್ಕೆ ಕಾಲ್ಸರ್ ಗ್ಲಾಕ್ನರ್‌ಸ್ಟ್ರಾಸೆ ಎಂಬ ಏಳು ಕಿ.ಮೀ.ಗಳ ಬೇರೊಂದು ಚಿಕ್ಕ ಟೋಲ್ ರಸ್ತೆ ಲುಕ್ನರ್‌ಹೌಸ್‌ವರೆಗೆ, ಸುಮಾರು 1,920 ಮೀಟರ್‌ಗೆ ಏರುತ್ತದೆ. ಹೆಸರಿನ ಗೊಂದಲದಿಂದ ಹಲವರು ‘ಗ್ಲಾಕ್ನರ್ ರಸ್ತೆ ಮುಚ್ಚಿದೆ’ ಎಂದು ಇದನ್ನೂ ಕೈಬಿಡುತ್ತಾರೆ. ಇಲ್ಲಿ ಚಳಿಗಾಲದಲ್ಲೂ ಹಿಮ ಸರಿಸಿ ದಾರಿ ಮಾಡಿಕೊಡುತ್ತಾರೆ. ಭಾರಿ ಹಿಮ ಬಿದ್ದ ಮರುದಿನ ಮಾತ್ರ ತಡೆದಾರು, ಹೊರಡುವ ಮುನ್ನ ಹೋಟೆಲಿನವರನ್ನು ಕೇಳಿ. ಲುಕ್ನರ್‌ಹೌಸ್‌ನ ಅಂಗಳದಿಂದ ಶಿಖರ ಆರು ಕಿ.ಮೀ. ಒಳಗೇ, ಕಣಿವೆಯ ಕೊನೆಯಲ್ಲಿ ಗೋಡೆಯಂತೆ ನಿಂತಿರುತ್ತದೆ. ನಡುಹಗಲ ಬಿಸಿಲು ನೇರ ಅದರ ಮುಖಕ್ಕೇ. ಬೆಳಿಗ್ಗೆ ಬೇಗ ಏಳಲಾಗದವರಿಗೆ ಹೇಳಿ ಮಾಡಿಸಿದ್ದು. ನಾಲ್ಕರಲ್ಲಿ ಒಂದನ್ನೇ ಆರಿಸಿ ಎಂದರೆ, ಕಾರಿದ್ದು ಸರಿಯಾದ ಟೈರ್ ಇರುವವರಿಗೆ ಕಾಲ್ಸ್ ಎಂದೇ ನಮ್ಮ ಉತ್ತರ.

ನಾಲ್ಕನೆಯದು ಕಾಲ್ಸ್ ಮತ್ತು ಮಾಟ್ರೈ ನಡುವಿನ ಸ್ಕೀ ಬೆಟ್ಟದ ಮೇಲಿನ ಆಡ್ಲರ್ ಲೌಂಜ್, 2,621 ಮೀಟರ್. ಶಿಖರದ ಪಶ್ಚಿಮ ಮಗ್ಗುಲು, ಮಧ್ಯಾಹ್ನದ ಮೇಲಿನ ಬೆಳಕು ಇಲ್ಲಿ ಸೊಗಸು. ಕೊನೆಯ ಇಳಿಕೆಯ ಸಮಯವನ್ನು ಹತ್ತುವಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ಲಿಫ್ಟುಗಳು ಸಂಜೆ ನಾಲ್ಕರ ಸುಮಾರಿಗೇ ನಿಲ್ಲುತ್ತವೆ, ಸ್ಕೀ ಇಲ್ಲದವರಿಗೆ ಆಮೇಲೆ ಇಳಿಯಲು ದಾರಿಯಿಲ್ಲ.

ಒಂದಕ್ಕೆ ಮಾತ್ರ ಬದಲಿ ಇಲ್ಲ. ಕೈಸರ್ ಫ್ರಾನ್ಸ್ ಯೋಸೆಫ್ಸ್ ಹೋಹೆ ಎಂಬ ವೀಕ್ಷಣಾ ತಾಣದಿಂದ ಕಾಣುವ ಪಾಸ್ಟರ್ಜೆ ಹಿಮನದಿಯ ನೋಟಕ್ಕೆ ಆ ರಸ್ತೆಯೇ ಬೇಕು. ಅದೇ ಮುಖ್ಯವಾದರೆ ಬೇಸಿಗೆಗೆ ಬನ್ನಿ.

ಯಾವ ಜಾಗವಾದರೂ ಬೆಳಿಗ್ಗೆ ಏಳೂವರೆಗೆ ವೆಬ್‌ಕ್ಯಾಮ್ ನೋಡದೆ ಹೊರಡಬೇಡಿ. ಕಣಿವೆಯಲ್ಲಿ ದಟ್ಟ ಮಂಜು ಕವಿದ ದಿನ ಮೇಲೆ ಶುಭ್ರ ಆಕಾಶವಿರುವುದು ಚಳಿಗಾಲದಲ್ಲಿ ಸಾಮಾನ್ಯ. ಹೋಟೆಲಿನ ಕಿಟಕಿ ನೋಡಿ ‘ಇವತ್ತು ಬೇಡ’ ಎಂದು ಮಲಗಿದವರು ಒಳ್ಳೆಯ ದಿನವನ್ನೇ ಕಳೆದುಕೊಂಡಿರುತ್ತಾರೆ. ಇದಕ್ಕೆ ವಿರುದ್ಧವೂ ಆಗುತ್ತದೆ: ಊರಲ್ಲಿ ಬಿಸಿಲು, ಶಿಖರಕ್ಕೆ ಮಾತ್ರ ಮೋಡದ ಟೊಪ್ಪಿ.

ಬೆಟ್ಟಸಾಲು ದಾಟಬೇಕಾದರೆ

ಗ್ಲಾಕ್ನರ್ ರಸ್ತೆಯ 48 ಕಿ.ಮೀ.ಗೆ ಬದಲಾಗಿ, ಅದರ ಉತ್ತರ ತುದಿಗೆ ಹತ್ತಿರದ ಟ್ಸೆಲ್ ಆಮ್ ಜೇ ಊರಿನ ಕಡೆಯಿಂದ ಹೈಲಿಗೆನ್‌ಬ್ಲೂಟ್‌ಗೆ ಚಳಿಗಾಲದಲ್ಲಿ ಸುಮಾರು 140 ಕಿ.ಮೀ. ಸುತ್ತಬೇಕು. ಮಿಟ್ಟರ್‌ಸಿಲ್, ಫೆಲ್ಬರ್‌ಟೌರ್ನ್ ಸುರಂಗ, ಮಾಟ್ರೈ, ಲಿಯೆಂಟ್ಸ್, ಇಸೆಲ್ಸ್‌ಬರ್ಗ್, ವಿಂಕ್ಲರ್ನ್, ಆಮೇಲೆ ಹೈಲಿಗೆನ್‌ಬ್ಲೂಟ್. ಎರಡೂವರೆ ಗಂಟೆ ಇಟ್ಟುಕೊಳ್ಳಿ. 1967ರಲ್ಲಿ ತೆರೆದ ಫೆಲ್ಬರ್‌ಟೌರ್ನ್ ಸುರಂಗ 5.3 ಕಿ.ಮೀ. ಉದ್ದ, ವರ್ಷವಿಡೀ ಓಡಾಟಕ್ಕೆ ಇರುವ ದಾರಿ. ಟೋಲ್ ಗ್ಲಾಕ್ನರ್ ರಸ್ತೆಯ ಮೂರನೇ ಒಂದು ಭಾಗದಷ್ಟಾದೀತು (ಗ್ಲಾಕ್ನರ್‌ನಲ್ಲಿ ಕಾರಿಗೆ ದಿನದ ಟಿಕೆಟ್ ಈಗ 40 ಯೂರೋ ದಾಟಿದೆ). ಕಾಲ್ಸ್‌ಗೆ ಹೋಗುವವರಿಗೂ ಇದೇ ದಾರಿ, ಮಾಟ್ರೈ ದಾಟಿ ಹೂಬೆನ್‌ನಲ್ಲಿ ಎಡಕ್ಕೆ ತಿರುಗಬೇಕು.

ಇನ್ನೊಂದು ಆಯ್ಕೆ ಕಾರನ್ನೇ ರೈಲಿಗೆ ಹತ್ತಿಸುವುದು. ಗಾಸ್ಟೈನ್ ಕಣಿವೆಯ ಬೋಕ್‌ಸ್ಟೈನ್‌ನಲ್ಲಿ ಹತ್ತಿದರೆ ಹನ್ನೊಂದು ನಿಮಿಷದಲ್ಲಿ ಬೆಟ್ಟದಾಚೆಯ ಮಾಲ್ನಿಟ್ಸ್. 1909ರ ಈ ಟೌರ್ನ್ ರೈಲು ಸುರಂಗ ಎಂಟು ಕಿ.ಮೀ.ಗೂ ಹೆಚ್ಚು. ಹಿಮದಲ್ಲಿ ಓಡಿಸಲು ಅಳುಕುವವರಿಗೆ ಹಾಯಾದದ್ದು, ಮಕ್ಕಳಿಗಂತೂ ಇದೇ ಪ್ರವಾಸದ ದೊಡ್ಡ ಸಂಗತಿ. ಆದರೆ ರೈಲು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು, ರಜೆಯ ಶನಿವಾರ ಸಾಲೂ ಉದ್ದ. ದುರಸ್ತಿಗೆಂದು 2024ರ ನವೆಂಬರ್‌ನಿಂದ 2025ರ ಜುಲೈವರೆಗೆ ಈ ಸುರಂಗವೇ ಮುಚ್ಚಿತ್ತು. ಹೊರಡುವ ವಾರ ಒಮ್ಮೆ ವೇಳಾಪಟ್ಟಿ ನೋಡಿಕೊಂಡರೆ ಕ್ಷೇಮ. ಎ10 ಹೆದ್ದಾರಿಯ ಸುರಂಗಗಳು ವೇಗದ ದಾರಿ ನಿಜ, ನೋಡಲು ಏನೂ ಇಲ್ಲ. ಸಾಲ್ಜ್‌ಬರ್ಗ್‌ನಿಂದ ಫಿಲಾಖ್ ಕಡೆಗೆ ಹೋಗುವವರಿಗೆ ಸಾಕು.

ಇಲ್ಲಿ ಹಲವರು ದಂಡ ತೆರುವುದು ಒಂದು ತಪ್ಪು ತಿಳಿವಳಿಕೆಯಿಂದ. ವಿನ್ಯೆಟ್ ಎಂದರೆ ಹೆದ್ದಾರಿಗಳ ಕಾಲಾವಧಿಯ ಚೀಟಿ. ಮೇಲೆ ಹೇಳಿದ ಸುರಂಗ, ರೈಲು, ಬೆಟ್ಟದ ರಸ್ತೆ ಯಾವುದಕ್ಕೂ ಅದು ನಡೆಯುವುದಿಲ್ಲ. ಅವುಗಳ ಟೋಲ್ ಬೇರೆ. ಹಾಗೆಯೇ ಸುರಂಗದ ಟೋಲ್ ಕಟ್ಟಿದ ಮಾತ್ರಕ್ಕೆ ಉಳಿದ ಹೆದ್ದಾರಿಗೆ ವಿನ್ಯೆಟ್ ತಪ್ಪುವುದಿಲ್ಲ. ಮ್ಯೂನಿಕ್‌ನಿಂದ ಬರುವವರು ಜರ್ಮನಿಯ ಎ8ರಲ್ಲಿ ಜೀಗ್ಸ್‌ಡೋರ್ಫ್ ಬಳಿ ಇಳಿದು ಇನ್ಸೆಲ್, ಲೋಫರ್, ಸಾಲ್‌ಫೆಲ್ಡನ್ ಮೇಲೆ ಟ್ಸೆಲ್ ಆಮ್ ಜೇ ಸೇರಿದರೆ ವಿನ್ಯೆಟ್ಟೇ ಬೇಕಿಲ್ಲ.

ಕಾರು ಓಡಿಸುವುದೇ ಆಸೆಯಾದರೆ

ಇನ್ಸ್‌ಬ್ರುಕ್ ಸುತ್ತಮುತ್ತ ತಂಗಿರುವವರಿಗೆ ಕೌನರ್‌ಟಾಲ್ ಹಿಮನದಿ ರಸ್ತೆ. 26 ಕಿ.ಮೀ., ಸಂಖ್ಯೆ ಬರೆದ 29 ತಿರುವು, ಕೊನೆಗೆ 2,750 ಮೀಟರ್, ಅಂದರೆ ಹೋಖ್‌ಟೋರ್‌ಗಿಂತ ಎತ್ತರ. ತುದಿಯಲ್ಲಿ ಸ್ಕೀ ಪ್ರದೇಶ ಇರುವುದರಿಂದ ಇದನ್ನು ಚಳಿಗಾಲದಲ್ಲೂ ತೆರೆದಿಡುತ್ತಾರೆ. ಅಲ್ಲಿಂದ ಕಾರ್ಲೆಸ್‌ಯೋಖ್ ಕೇಬಲ್ ಕಾರ್ 3,108 ಮೀಟರ್‌ಗೆ ಹೋಗುತ್ತದೆ. ನಡುಚಳಿಗಾಲದಲ್ಲಿ ಆಲ್ಪ್ಸ್‌ನ ಎತ್ತರದ ಟೋಲ್ ರಸ್ತೆಯಲ್ಲಿ ಸ್ವತಃ ಓಡಿಸಬೇಕೆಂದರೆ ಇದು ಒಳ್ಳೆಯ ಆಯ್ಕೆ. ಗ್ಲಾಕ್ನರ್ ಮಾತ್ರ ಇಲ್ಲಿಂದ ಬಲು ದೂರ, ಎರಡನ್ನೂ ಒಂದೇ ದಿನಕ್ಕೆ ಸೇರಿಸಬೇಡಿ. ಹೊಸ ಹಿಮದ ಮೇಲೆ ಓಡಿಸಿ ಅಭ್ಯಾಸವಿಲ್ಲದವರು ಫೈಖ್ಟನ್ ಹಳ್ಳಿಯಲ್ಲಿ ಕಾರು ನಿಲ್ಲಿಸಿ ಸ್ಕೀ ಬಸ್ ಹಿಡಿಯುವುದರಲ್ಲಿ ಅವಮಾನವೇನಿಲ್ಲ.

ಟ್ಸೆಲ್ ಆಮ್ ಜೇ ಕಡೆ ಇರುವವರಿಗೆ ಗೆರ್ಲೋಸ್ ಆಲ್ಪೈನ್ ರಸ್ತೆ. ಗ್ಲಾಕ್ನರ್ ರಸ್ತೆಯನ್ನು ನಡೆಸುವ ಸಂಸ್ಥೆಯದ್ದೇ, ವಾಲಕ್‌ನದೇ ಕೈಕೆಲಸ, ವರ್ಷವಿಡೀ ತೆರೆದಿರುತ್ತದೆ. ಹನ್ನೆರಡು ಕಿ.ಮೀ. ಅಷ್ಟೇ, ಎತ್ತರವೂ 1,600 ಮೀಟರ್ ಚಿಲ್ಲರೆ. ದಾರಿಯಲ್ಲಿ 380 ಮೀಟರಿನ ಕ್ರಿಮ್ಲ್ ಜಲಪಾತ ಹೆಪ್ಪುಗಟ್ಟಿ ನಿಂತಿರುವುದನ್ನು ದೂರದಿಂದ ನೋಡಬಹುದು. ಗ್ಲಾಕ್ನರ್‌ನ ಗಾಂಭೀರ್ಯ ನಿರೀಕ್ಷಿಸಿ ಹೋದರೆ ನಿರಾಸೆ. ಅರ್ಧ ದಿನದ ಸುತ್ತಾಟಕ್ಕೆ ಚೆನ್ನ.

ಕಾರು, ಟೈರ್, ಚೈನ್

ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆಯಲ್ಲಿ ಹಿಮ ಅಥವಾ ಮಂಜುಗಡ್ಡೆ ಇದ್ದರೆ ಆಸ್ಟ್ರಿಯಾದಲ್ಲಿ ನಾಲ್ಕೂ ಚಕ್ರಕ್ಕೆ ಚಳಿಗಾಲದ ಟೈರ್ ಕಡ್ಡಾಯ, ಗೀರಿನ ಆಳ ಕನಿಷ್ಠ 4 ಮಿ.ಮೀ. ನಮ್ಮಲ್ಲಿ ‘ಇನ್ನೂ ಓಡುತ್ತೆ’ ಎನ್ನುವ ಟೈರು ಅಲ್ಲಿ ಕಾನೂನಿನ ಕಣ್ಣಿಗೆ ಬೇಸಿಗೆ ಟೈರು. ಬಾಡಿಗೆ ಕಾರನ್ನು ಇಟಲಿಯಲ್ಲಿ ತೆಗೆದುಕೊಂಡು ಬರುವವರು ಟೈರಿನ ಬದಿಯಲ್ಲಿ ಬೆಟ್ಟದೊಳಗೆ ಹಿಮಹರಳಿನ ಗುರುತು ಇದೆಯೇ ಎಂದು ಬಗ್ಗಿ ನೋಡಲೇಬೇಕು. ಕರಾರುಪತ್ರದಲ್ಲಿ ಗಡಿ ದಾಟಲು ಅನುಮತಿ ಇದೆಯೇ ಎಂದೂ. ಭಾರತದ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಅದನ್ನು ಊರಿನ ಆರ್‌ಟಿಒದಲ್ಲೇ ಮಾಡಿಸಿಕೊಂಡು ಬರಬೇಕು, ಅಲ್ಲಿ ಹೋದಮೇಲೆ ಸಿಗುವುದಿಲ್ಲ.

ನೀಲಿ ಗುಂಡು ಫಲಕದಲ್ಲಿ ಚೈನ್ ಸುತ್ತಿದ ಚಕ್ರದ ಚಿತ್ರ ಕಂಡರೆ ಚೈನ್ ಹಾಕಲೇಬೇಕು. ಎಂಜಿನ್ ಯಾವ ಚಕ್ರಗಳನ್ನು ತಿರುಗಿಸುತ್ತದೋ ಅವುಗಳಿಗೆ. ಬಾಡಿಗೆಯ ಚಿಕ್ಕ ಕಾರುಗಳಲ್ಲಿ ಹೆಚ್ಚಾಗಿ ಅದು ಮುಂದಿನ ಜೋಡಿ, ಹಿಂದಕ್ಕೆ ಹಾಕಿ ‘ಜಾರುತ್ತಿದೆಯಲ್ಲ’ ಎನ್ನುವವರು ಪ್ರತಿ ಚಳಿಗಾಲ ಸಿಗುತ್ತಾರೆ. ಚೈನನ್ನು ನೆಲದ ಮೇಲೆ ಹರಡಿ ಸಿಕ್ಕು ಬಿಡಿಸಿ. ಉಂಗುರವನ್ನು ಚಕ್ರದ ಹಿಂದಿನಿಂದ ತಂದು ಮೇಲೆ ಕೊಂಡಿ ಹಾಕಿ, ಆಮೇಲೆ ಹೊರಮುಖದ ಕೊಂಡಿ, ಕೊನೆಗೆ ಬಿಗಿಹಗ್ಗ. ನೂರು ಮೀಟರ್ ಓಡಿಸಿ, ನಿಲ್ಲಿಸಿ, ಮತ್ತೊಮ್ಮೆ ಬಿಗಿ ಮಾಡಿ. ಈ ಎರಡನೇ ಬಿಗಿಯನ್ನು ಬಿಟ್ಟರೆ ಸಡಿಲವಾದ ಚೈನು ಚಕ್ರದ ಗೂಡಿಗೆ ಬಡಿದು ಬ್ರೇಕ್ ಪೈಪನ್ನೇ ಹರಿದೀತು. ವೇಗ 50ರ ಒಳಗೇ. ಒಂದು ಸಲ ಪಾರ್ಕಿಂಗ್ ಜಾಗದಲ್ಲಿ, ಹಗಲಲ್ಲಿ, ಒಣನೆಲದ ಮೇಲೆ ಹಾಕಿ ತೆಗೆದು ನೋಡಿ. ಕತ್ತಲಲ್ಲಿ ಮೊಬೈಲ್ ಬೆಳಕಲ್ಲಿ ಕಲಿಯುವ ವಿದ್ಯೆಯಲ್ಲ ಅದು.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಬೆಟ್ಟದ ಹೋಟೆಲುಗಳಲ್ಲಿ ತರಕಾರಿ ಸೂಪಿನಂತೆ ಕಾಣುವ ತಿಳಿಸಾರು ಹೆಚ್ಚಾಗಿ ದನದ ಮೂಳೆಯದ್ದು. ಚೀಸ್ ಹಾಕಿದ ಕಾಸ್‌ನೋಕನ್ (ಹಿಟ್ಟಿನ ಸಣ್ಣ ಉಂಡೆಗಳ ತಿನಿಸು) ಕೇಳಿ, ಮೊಟ್ಟೆ ತಿನ್ನುವುದಾದರೆ ಮಾತ್ರ.

ಕಾಯುವುದಾದರೆ ಎಷ್ಟು ದಿನ

ತಾರೀಖು ಬದಲಿಸಲು ಅವಕಾಶವಿದ್ದರೆ ಎರಡು ಅಂಚುಗಳಿವೆ. ಅಕ್ಟೋಬರ್ ಕೊನೆಯ ವಾರ ಜನ ಕಡಿಮೆ, ಬೆಳಕು ಚೆನ್ನ. ಆದರೆ ಗೇಟು ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ಒಂದು ರಾತ್ರಿಯ ಹಿಮ ಇಡೀ ಯೋಜನೆಯನ್ನು ಕೆಡಿಸಬಹುದು. ನಮ್ಮ ಒಲವು ಮೇ ಎರಡನೇ ವಾರದ ಕಡೆಗೆ. ಏಪ್ರಿಲ್‌ನಲ್ಲಿ ಉತ್ತರದಿಂದ ಒಂದು ತಂಡ, ದಕ್ಷಿಣದಿಂದ ಒಂದು ತಂಡ ಹಿಮ ಕಡಿಯುತ್ತ ಹೋಖ್‌ಟೋರ್‌ನಲ್ಲಿ ಸೇರುತ್ತವೆ. ವಾಲಕ್ ತಾನೇ ರೂಪಿಸಿದ ತಿರುಗುಹಲ್ಲಿನ ಯಂತ್ರಗಳು 1950ರ ದಶಕದಿಂದ ಇಂದಿಗೂ ಅಲ್ಲಿ ದುಡಿಯುತ್ತಿವೆ. ಅವು ಹಿಮವನ್ನು ಪದರ ಪದರವಾಗಿ ಕೊರೆದು ಪಕ್ಕಕ್ಕೆ ಎಸೆಯುವುದರಿಂದ ಗೋಡೆ ನೆಟ್ಟಗೆ, ಚಾಕುವಿನಿಂದ ಕೊಯ್ದ ಮೈಸೂರುಪಾಕಿನ ಅಂಚಿನಂತೆ ನಿಲ್ಲುತ್ತದೆ. ಹತ್ತಿರ ಹೋದರೆ ಒಂದೊಂದು ಹಿಮಪಾತದ ಪದರವೂ ಬೇರೆ ಬೇರೆ ಕಾಣುತ್ತದೆ. ಒಳ್ಳೆಯ ವರ್ಷ ಆ ಗೋಡೆ ಬಸ್ಸಿಗಿಂತ ಎತ್ತರ. ಅದನ್ನು ಒರಗಿ ನಿಂತು ಫೋಟೋ ತೆಗೆಸಿಕೊಳ್ಳಬೇಡಿ, ಮಧ್ಯಾಹ್ನದ ಬಿಸಿಲಿಗೆ ಮೇಲಿನ ಅಂಚು ಕಳಚಿ ಬೀಳುತ್ತದೆ.

ಮೇ ತಿಂಗಳಲ್ಲಿ ಗೇಟು ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ರಾತ್ರಿ ಹಿಮ ಬಿದ್ದಿದ್ದರೆ ಹತ್ತು, ಹನ್ನೊಂದಾಗಬಹುದು. 2,571 ಮೀಟರಿನ ಎಡೆಲ್‌ವೈಸ್‌ಸ್ಪಿಟ್ಸೆಗೆ ಹೋಗುವ ಕಲ್ಲುಹಾಸಿನ ಕವಲುದಾರಿ ಮುಖ್ಯ ರಸ್ತೆಗಿಂತ ತಡವಾಗಿ ತೆರೆಯುವುದುಂಟು, ಕಾಲುದಾರಿಗಳು ಜೂನ್ ಕಳೆಯುವವರೆಗೂ ಹಿಮದಡಿಯೇ. ಇಳಿಯುವಾಗ ಎರಡನೇ ಗೇರಿನಲ್ಲೇ ಬನ್ನಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದವರ ಕಾರಿನಿಂದ ಫೆರ್ಲೈಟನ್ ಗೇಟಿನ ಹೊತ್ತಿಗೆ ಸುಟ್ಟ ವಾಸನೆ ಬರುತ್ತಿರುತ್ತದೆ. ಹಾಗೇನಾದರೂ ಆದರೆ ಅರ್ಧ ಗಂಟೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲೇ ಬಿಟ್ಟು ಆರಲು ಬಿಡಿ.